ಬೆನ್ನಿಗೆ ಕಟ್ಟಿದ ಬೆಂಡು

ಫೋನು ಮಾಡಿದವರು ತಾಜಸುಲ್ತಾನಪುರದ ಒಬ್ಬ ನಿವೃತ್ತ ಹವಾಲ್ದಾರರು. ಕಲಬುರಗಿಗೆ ಅಂಟಿಕೊಂಡಿರುವ ಆ ಊರೆಂದರೆ ಪೊಲೀಸ್ ಮಂದಿಗೆ ಮೊದಲು ನೆನಪಾಗುವುದು ಕೆಎಸ್‌ಆರ್‌ಪಿಯ ಆರನೇ ಬೆಟಾಲಿಯನ್. ಅವರ ಪ್ರಶ್ನೆಯನ್ನು ಅವರ ಮಾತಿನಲ್ಲೇ ಇಡುತ್ತೇನೆ.

“ಸರ, ಮಗಳು ಮೊಬೈಲ್‌ನ್ಯಾಗ ಒಂದು ಧ್ಯಾನ ಹಾಕಿ ಕೊಟ್ಟಾಳ. ಕಿವ್ಯಾಗ ಇಟಗೊಂಡು ಮಲಗತೀನಿ. ಒಬ್ಬಾಕಿ ಹೆಣ್ಮಗಳು ಪಾದ ಸಡ್ಲ ಬಿಡ್ರಿ, ಮೊಣಕಾಲ ಸಡ್ಲ ಬಿಡ್ರಿ ಅಂತಾಳ. ಅಕಿ ಟೊಂಕಕ್ಕ ಬರೋದ್ರಾಗ ನನಗ ನಿದ್ದಿ ಹತ್ತಿರತದ. ಇದು ಧ್ಯಾನ ಆಯ್ತೋ, ನಿದ್ದಿ ಆಯ್ತೋ? ಮತ್ತ ಬಿಪಿ ಗುಳಗಿ ಬಿಡಬಹುದೇನ್ರಿ?”

ಎರಡನೆಯದಕ್ಕೆ ಉತ್ತರ ಚಿಕ್ಕದು. ಗುಳಿಗೆ ಬಿಡಬೇಡಿ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2017ರಲ್ಲಿ ಅದುವರೆಗಿನ ಅಧ್ಯಯನಗಳನ್ನೆಲ್ಲ ಜಾಲಾಡಿ ಹೇಳಿದ್ದು ಇಷ್ಟೇ: ಔಷಧ, ಊಟ, ನಡಿಗೆಗಳ ಜೊತೆಗೆ ಧ್ಯಾನವೂ ಇರಲಿ, ಅವುಗಳ ಬದಲಿಗೆ ಬೇಡ. ಮೊದಲ ಪ್ರಶ್ನೆ ಮಾತ್ರ ನನ್ನನ್ನು ಒಂದು ವಾರ ಕಾಡಿತು.

ಕೇಳಿಸಿಕೊಂಡು ಮಾಡುವ ಧ್ಯಾನ ಎಂದಾಗಲೆಲ್ಲ ನನಗೆ ನಮ್ಮ ಹೊಲದ ಬಾವಿ ನೆನಪಾಗುತ್ತದೆ. ಈಜು ಕಲಿಸುತ್ತಿದ್ದವರು ಕಾಕಾ. ಒಣಗಿದ ಬೆಂಡಿನ ತುಂಡುಗಳನ್ನು ಹಗ್ಗಕ್ಕೆ ಪೋಣಿಸಿ ಬೆನ್ನಿಗೆ ಬಿಗಿದು, ಹಗ್ಗದ ಇನ್ನೊಂದು ತುದಿ ಹಿಡಿದು ಬಾವಿಯ ಕಟ್ಟೆಯ ಪರಸಿಯ ಮೇಲೆ ಕೂರುತ್ತಿದ್ದರು. ಮೊದಲ ದಿನ ನಾಲ್ಕು ಬೆಂಡು. ಕೈಕಾಲು ಬಡಿಯುವುದು ಬಿಟ್ಟು ನಮಗೇನೂ ಬಾರದು, ಆದರೂ ಮುಳುಗುತ್ತಿರಲಿಲ್ಲ. ಮುಳುಗುವ ಭಯ ಹೋದಮೇಲೆಯೇ ಕಾಲು ಹೇಗೆ ಆಡಿಸಬೇಕೆಂಬ ಕಡೆ ಗಮನ ಹೋಗುತ್ತಿತ್ತು. ನಾಲ್ಕು ದಿನಕ್ಕೊಂದು ತುಂಡು ಕಳಚುತ್ತ ಬರುತ್ತಿದ್ದರು. ಕೊನೆಯ ತುಂಡನ್ನು ಯಾವಾಗ ಬಿಚ್ಚಿದರೆಂದು ನನಗೆ ಗೊತ್ತೇ ಆಗಲಿಲ್ಲ. ಬೆನ್ನು ತಡವಿಕೊಂಡಾಗ ಬರೀ ಹಗ್ಗವಿತ್ತು.

ಕಿವಿಯಲ್ಲಿ ಮಾತಾಡುವ ಆ ಹೆಣ್ಣುಮಗಳು ಇಂಥದೊಂದು ಬೆಂಡು. ಕಣ್ಣು ಮುಚ್ಚಿ ಸುಮ್ಮನೆ ಕೂತವನ ಮನಸ್ಸು ಎರಡನೇ ಉಸಿರಿಗೆ ಪಿಂಚಣಿ ಲೆಕ್ಕಕ್ಕೋ, ತೊಗರಿ ರೇಟಿಗೋ ಓಡುತ್ತದೆ. ಹಾರ್ವರ್ಡ್‌ನ ಕಿಲ್ಲಿಂಗ್ಸ್‌ವರ್ತ್ ಮತ್ತು ಗಿಲ್ಬರ್ಟ್ 2010ರಲ್ಲಿ 2,250 ಮಂದಿಯನ್ನು ಫೋನಿನ ಮೂಲಕವೇ ಯಾವಾಗೆಂದರೆ ಆವಾಗ ವಿಚಾರಿಸಿದ್ದರು: ಈಗ ನಿಮ್ಮ ಮನಸ್ಸು ಮಾಡುತ್ತಿರುವ ಕೆಲಸದ ಮೇಲಿದೆಯೋ, ಬೇರೆಲ್ಲೋ? ಶೇ. 46.9ರಷ್ಟು ಸಲ ಬೇರೆಲ್ಲೋ ಇತ್ತು. ಹಾಗೆ ಓಡಿದ ಮನಸ್ಸನ್ನು ಧ್ವನಿ ಅರ್ಧ ನಿಮಿಷಕ್ಕೊಮ್ಮೆ ಕರೆತಂದು ಮೊಣಕಾಲಿನ ಮೇಲೆ ಕೂರಿಸುತ್ತದೆ. ಓಡುವುದು, ಮರಳುವುದು, ಮತ್ತೆ ಓಡುವುದು. ಧ್ಯಾನದ ಅಭ್ಯಾಸವೆಂದರೆ ಬಹುಪಾಲು ಈ ಮರಳುವಿಕೆಯೇ.

ಈ ‘ಸಡಿಲ ಬಿಡ್ರಿ’ ಎಂಬ ಮಾತಿನ ವಂಶಾವಳಿ ಸ್ವಾರಸ್ಯದ್ದು. ನಮ್ಮ ಮಠಗಳಿಂದ ಬಂದಿದ್ದೆಂದು ನೀವು ಭಾವಿಸಿದ್ದರೆ ಅರ್ಧ ಸರಿ. ಎಡ್ಮಂಡ್ ಜೇಕಬ್‌ಸನ್ ಎಂಬಾತ 1908ರ ಸುಮಾರಿಗೆ ಹಾರ್ವರ್ಡ್‌ನಲ್ಲಿ, ದಿಢೀರ್ ಸದ್ದಿಗೆ ಜನ ಹೇಗೆ ಬೆಚ್ಚುತ್ತಾರೆಂದು ನೋಡುತ್ತಿದ್ದ. ಸ್ನಾಯುಗಳನ್ನು ಪೂರಾ ಸಡಿಲಿಸಿದವರು ಅಷ್ಟಾಗಿ ಬೆಚ್ಚಲಿಲ್ಲ. ಅದರ ಬೆನ್ನುಹತ್ತಿ 1929ರಲ್ಲಿ ಅಂಗಾಂಗವಾಗಿ ಸಡಿಲಿಸುವ ವಿಧಾನದ ಪುಸ್ತಕ ಬರೆದ. ಮೂರು ವರ್ಷದ ನಂತರ ಜರ್ಮನಿಯ ಶುಲ್ಟ್ಸ್, ಸಮ್ಮೋಹನದ ಹಾದಿಯಿಂದ ಬಂದವನು, ‘ಕೈ ಭಾರವಾಗುತ್ತಿದೆ’ ಎಂದು ತನಗೆ ತಾನೇ ಹೇಳಿಕೊಳ್ಳುವ ಕ್ರಮ ತಂದ. ಬಿಹಾರದ ಮುಂಗೇರಿನಲ್ಲಿ ಸತ್ಯಾನಂದ ಸರಸ್ವತಿಯವರು ತಾಂತ್ರಿಕ ನ್ಯಾಸವನ್ನು ಮಾರ್ಪಡಿಸಿ, ಮಲಗಿದವರಿಗೆ ಒಂದೊಂದೇ ಅಂಗದ ಹೆಸರು ಹೇಳುತ್ತ ಹೋಗುವ ಯೋಗನಿದ್ರೆಯನ್ನು ರೂಪಿಸಿದರು. 1979ರಲ್ಲಿ ಮ್ಯಾಸಚೂಸೆಟ್ಸ್‌ನ ಆಸ್ಪತ್ರೆಯೊಂದರಲ್ಲಿ ಜಾನ್ ಕಬಾಟ್-ಜಿನ್, ಬೇನೆ ವಾಸಿಯಾಗದ ರೋಗಿಗಳಿಗೆ ತರಬೇತಿಯೊಂದನ್ನು ಶುರುಮಾಡಿ, ಮನೆಗೆ ಒಯ್ಯಲು ಮುಕ್ಕಾಲು ಗಂಟೆಯ ಕ್ಯಾಸೆಟ್ ಕೊಟ್ಟರು. ಹವಾಲ್ದಾರರ ಮೊಬೈಲಿನ ಧ್ವನಿ ಆ ಕ್ಯಾಸೆಟ್ಟಿನ ಮೊಮ್ಮಗಳು.

ನಮ್ಮ ರಾಜ್ಯದ್ದೇ ಒಂದು ಕೊಂಡಿಯೂ ಇದೆ. ಬೆಂಗಳೂರಿನ ಆಚೆ ಜಿಗಣಿಯ ಬಳಿ ಇರುವ ಸ್ವಾಮಿ ವಿವೇಕಾನಂದ ಯೋಗ ಅನುಸಂಧಾನ ಸಂಸ್ಥಾನದವರು ‘ಆವರ್ತನ ಧ್ಯಾನ’ವೆಂಬುದನ್ನು ಕಟ್ಟಿದ್ದಾರೆ. ಕಣ್ಣು ಮುಚ್ಚಿ, ಧ್ವನಿಮುದ್ರಿತ ಸೂಚನೆ ಕೇಳುತ್ತ, ತೀರಾ ನಿಧಾನವಾಗಿ ಕೆಲವು ಆಸನ, ನಡುನಡುವೆ ವಿಶ್ರಾಂತಿ. ಮಂಕಾದ ಮನಸ್ಸನ್ನು ಎಬ್ಬಿಸಬೇಕು, ಚದುರಿದ್ದನ್ನು ತಣಿಸಬೇಕು ಎಂಬ ಮಾಂಡೂಕ್ಯ ಕಾರಿಕೆಯ ಮಾತೇ ಇದಕ್ಕೆ ಆಧಾರ. ಶರ್ಲಿ ಟೆಲ್ಲಸ್ ಮತ್ತು ಸಂಗಡಿಗರು 2000ದಲ್ಲಿ 40 ಗಂಡಸರ ಮೇಲೆ ಇದನ್ನು ಅಳೆದರು. ಆವರ್ತನ ಧ್ಯಾನದ ನಂತರ ದೇಹ ಬಳಸುವ ಆಮ್ಲಜನಕ ಶೇ. 32.1ರಷ್ಟು ಇಳಿದಿತ್ತು; ಅಷ್ಟೇ ಹೊತ್ತಿನ ಶವಾಸನದ ನಂತರ ಶೇ. 10.1. ಆರು ವರ್ಷದ ಮೇಲೆ 50 ಜನರ ಮೇಲೆ ಮತ್ತೆ ಅಳೆದಾಗ ಇಳಿಕೆ ಶೇ. 19.3 ಮತ್ತು 4.8ಕ್ಕೆ ಬಂತು. ದಿಕ್ಕು ಅದೇ, ಅಳತೆ ಸಣ್ಣದು. ವಿಜ್ಞಾನದಲ್ಲಿ ಎರಡನೇ ಸಲ ಅಳೆಯುವವರನ್ನು ಕಂಡರೆ ನನಗೆ ಗೌರವ ಜಾಸ್ತಿ. ಆಸನದ ಹೊತ್ತಿನಲ್ಲಿ ಬಳಕೆ ಏರಿ, ಆಮೇಲೆ ಶವಾಸನದ ನಂತರಕ್ಕಿಂತ ಕೆಳಗಿಳಿದದ್ದೂ ಆಗಲೇ ತಿಳಿದದ್ದು. ಮಲಗಿದೊಡನೆ ನಿದ್ದೆ ಹತ್ತುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

ಇನ್ನು ಉಸಿರಿನ ವಿಷಯ. ಇಟಲಿಯ ಬರ್ನಾರ್ಡಿ ಎಂಬ ವೈದ್ಯ 2001ರಲ್ಲಿ 23 ಜನರಿಂದ ಒಮ್ಮೆ ಜಪಸರದ ಲ್ಯಾಟಿನ್ ಪ್ರಾರ್ಥನೆ, ಇನ್ನೊಮ್ಮೆ ‘ಓಂ ಮಣಿ ಪದ್ಮೇ ಓಂ’ ಹೇಳಿಸಿದ. ಎರಡರಲ್ಲೂ ಉಸಿರು ನಿಮಿಷಕ್ಕೆ ಆರರ ಆಸುಪಾಸಿಗೆ ಬಂತು. ಈ ಆರಕ್ಕೆ ಒಂದು ವಿಶೇಷವಿದೆ. ನಮ್ಮ ರಕ್ತದೊತ್ತಡ ತನ್ನಷ್ಟಕ್ಕೇ ಸುಮಾರು ಹತ್ತು ಸೆಕೆಂಡಿಗೊಮ್ಮೆ ಏರಿ ಇಳಿಯುತ್ತಿರುತ್ತದೆ. ಪಂಚಮಿಯ ಜೋಕಾಲಿಗೆ ಸರಿಯಾದ ಹೊತ್ತಿಗೆ ಒಂದು ನೂಕು ಕೊಟ್ಟರೆ ಸಾಕು, ಅದು ತಾನೇ ಜೀಕುತ್ತದೆ. ಹಾಗೆಯೇ ಉಸಿರು ಈ ಲಯಕ್ಕೆ ಕೂಡಿದಾಗ ಕುತ್ತಿಗೆಯ ಧಮನಿಯಲ್ಲಿರುವ ಒತ್ತಡದ ಕಾವಲುಗಾರರು ಚುರುಕಾಗುತ್ತಾರೆ, ಹೃದಯಕ್ಕೆ ‘ಸಾವಕಾಶ’ ಎಂಬ ಸಂದೇಶ ಹೋಗುತ್ತದೆ. ಕಲಬುರಗಿಯಲ್ಲಿ ಬಂದೇ ನವಾಜ್ ದರ್ಗಾದಲ್ಲಿ ತಸ್ಬೀ ಎಣಿಸುವವರನ್ನೂ, ಶರಣಬಸವೇಶ್ವರ ಗುಡಿಯಲ್ಲಿ ಪಂಚಾಕ್ಷರಿ ಹೇಳುತ್ತ ಕೂತವರನ್ನೂ, ಬುದ್ಧ ವಿಹಾರದ ಧ್ಯಾನಮಂದಿರದಲ್ಲಿ ಕಣ್ಣು ಮುಚ್ಚಿದವರನ್ನೂ ನೋಡುವಾಗ ನಾನು ಕದ್ದು ಉಸಿರು ಎಣಿಸುತ್ತೇನೆ. ಚಟ.

ಹಾಗಾದರೆ ಲಾಭವೆಷ್ಟು? ಜಾನ್ಸ್ ಹಾಪ್‌ಕಿನ್ಸ್‌ನ ಗೋಯಲ್ ತಂಡ 2014ರಲ್ಲಿ 47 ಪ್ರಯೋಗಗಳ 3,515 ಜನರ ಲೆಕ್ಕ ಒಟ್ಟುಗೂಡಿಸಿತು. ಆತಂಕ, ಖಿನ್ನತೆ, ನೋವು, ಈ ಮೂರೂ ಅಷ್ಟಿಷ್ಟು ಇಳಿಯುತ್ತವೆ. ವ್ಯಾಯಾಮಕ್ಕಿಂತ, ಔಷಧಕ್ಕಿಂತ ಧ್ಯಾನ ಮೇಲು ಎಂಬುದಕ್ಕೆ ಪುರಾವೆ ಸಿಗಲಿಲ್ಲ. ಕಡಿಮೆಯೇನಲ್ಲ ಎಂಬುದಕ್ಕೆ 2022ರ ಒಂದು ಪ್ರಯೋಗವಿದೆ: ಆತಂಕದ ಕಾಯಿಲೆಯ 276 ಮಂದಿಯಲ್ಲಿ ಕಬಾಟ್-ಜಿನ್‌ರ ಎಂಟು ವಾರದ ತರಬೇತಿ, ಎಸ್ಸಿಟಲೊಪ್ರಾಮ್ ಗುಳಿಗೆಗೆ ಸರಿಸಮನಾಗಿ ನಿಂತಿತು. ಆ ತರಬೇತಿಯಲ್ಲಿ ಗುರುವಿದ್ದರು, ವಾರವಾರ ತರಗತಿಯಿತ್ತು, ಮನೆಪಾಠವಿತ್ತು; ಪುಕ್ಕಟೆ ಆಡಿಯೋ ಹಚ್ಚಿ ಮಲಗಿದರೆ ಅಷ್ಟೇ ಫಲ ಬಂದೀತೆಂದು ಅದರಿಂದ ಹೇಳಲಾಗದು.

‘ಎಂಟೇ ವಾರದಲ್ಲಿ ಮಿದುಳು ಬೆಳೆಯುತ್ತದೆ’ ಎಂಬ ವಾಟ್ಸ್ಆ್ಯಪ್ ಸಂದೇಶ ನಿಮಗೂ ಬಂದಿರಬಹುದು. ಅದರ ಮೂಲ 2011ರಲ್ಲಿ 16 ಧ್ಯಾನಿಗಳ ಮೇಲೆ ನಡೆದ ಅಧ್ಯಯನ. 2022ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದವರು 218 ಜನರನ್ನು ಇಟ್ಟುಕೊಂಡು ನೋಡಿದರೆ ಮಿದುಳಿನ ರಚನೆಯಲ್ಲಿ ಅಂಥ ಬದಲಾವಣೆಯೇ ಕಾಣಲಿಲ್ಲ. ಈ ಎರಡನೇ ಸುದ್ದಿಯನ್ನು ಯಾರೂ ಫಾರ್ವರ್ಡ್ ಮಾಡಲಿಲ್ಲ. ಹಾಗೆಯೇ, ದೊಡ್ಡ ಆಘಾತ ಕಂಡವರಿಗೆ, ಮನೋರೋಗದ ಹಿನ್ನೆಲೆಯವರಿಗೆ ಕಣ್ಣು ಮುಚ್ಚಿದೊಡನೆ ಬೇಡದ್ದೆಲ್ಲ ಮೇಲೆದ್ದು ಬರುವುದುಂಟು. ಅಂಥವರು ವೈದ್ಯರನ್ನು ಕೇಳಿಯೇ ಶುರುಮಾಡುವುದು ಲೇಸು.

ವಾರ ಕಳೆದು ಹವಾಲ್ದಾರರಿಗೆ ನಾನೇ ಫೋನು ಮಾಡಿದೆ. ರಾತ್ರಿ ನಿದ್ದೆ ಹತ್ತಿದರೆ ಅದೂ ಲಾಭವೇ, ಬೈದುಕೊಳ್ಳಬೇಡಿ ಎಂದೆ. ಧ್ಯಾನವೇ ಬೇಕಿದ್ದರೆ ಬೆಳಿಗ್ಗೆ, ಬಿಸಿಲೇರುವ ಮೊದಲು, ಮಲಗದೆ ಕುರ್ಚಿಯ ಮೇಲೆ ನೆಟ್ಟಗೆ ಕೂತು ಕೇಳಿ, ಹದಿನೈದು ದಿನವಾದ ಮೇಲೆ ಅರ್ಧಕ್ಕೇ ಆಡಿಯೋ ಬಂದ್ ಮಾಡಿ ಮುಂದಿನದನ್ನು ನೀವೇ ಮಾಡಿ ನೋಡಿ ಎಂದೆ. ಬೆಂಡಿನ ಕತೆಯನ್ನೂ ಹೇಳಿದೆ.

“ಬೆಂಡಿಂದು ತಿಳೀತ್ರಿ ಸರ,” ಅಂದರು. “ಖರೆ ಕುರ್ಚಿದು ಆಗಂಗಿಲ್ಲ ತಗೋರಿ. ಮೂವತ್ತು ವರ್ಷ ಬಂದೋಬಸ್ತ್ ಮಾಡೀನಿ. ನಾ ನಿಂತಲ್ಲೇ ನಿದ್ದಿ ಮಾಡಾವ.”