ತಿದ್ದುವ ಕೈ ಯಾವುದು?

ನಮ್ಮ ನುಡಿಯಲ್ಲಿ ‘ತಿದ್ದು’ ಎಂಬ ಮಾತಿಗೆ ಎರಡು ಅರ್ಥಗಳುಂಟು. ಕೂಲಿಮಠದ ಐಗಳು ಮರಳಿನ ಮೇಲೆ ಬರೆದುಕೊಟ್ಟ ಅಕ್ಷರದ ಜಾಡಿನಲ್ಲಿಯೇ ಮಗುವು ಬೆರಳಾಡಿಸುವುದೂ ತಿದ್ದುವುದೇ. ಮಗುವಿನ ಬೆರಳು ಜಾಡು ತಪ್ಪಿದಾಗ ಐಗಳು ಅದನ್ನು ಸರಿಪಡಿಸುವುದೂ ತಿದ್ದುವುದೇ. ಕಲಿಯುವವನ ಕೆಲಸಕ್ಕೂ ಕಲಿಸುವವನ ಕೆಲಸಕ್ಕೂ ಒಂದೇ ಹೆಸರನ್ನಿಟ್ಟ ಹಿರಿಯರು, ಇಬ್ಬರೂ ಕೂಡಿದ ಹೊರತು ವಿದ್ಯೆಯು ಕೈಗೂಡದೆಂಬುದನ್ನು ಬಲ್ಲವರಾಗಿದ್ದರೆಂದು ತೋರುತ್ತದೆ.

ಈಗ ಇವರಿಬ್ಬರ ನಡುವೆ ಮೂರನೆಯ ಕೈಯೊಂದು ಬಂದಿದೆ. 2022ನೆಯ ಇಸವಿಯ ನವೆಂಬರಿನಲ್ಲಿ ಚಾಟ್‌ಜಿಪಿಟಿ ಎಂಬ ಯಂತ್ರವು ಸಾರ್ವಜನಿಕರಿಗೆ ದೊರೆತಂದಿನಿಂದ, ಕಾಲೇಜಿನ ಹುಡುಗರೂ ಹುಡುಗಿಯರೂ ತಮ್ಮ ಪ್ರಬಂಧವನ್ನು ಮೊಬೈಲಿನೊಳಗೆ ಹಾಕಿ, ‘ಇದರಲ್ಲಿ ತಪ್ಪೇನಿದೆ?’ ಎಂದು ಕೇಳತೊಡಗಿದ್ದಾರೆ. ಉತ್ತರವು ಕ್ಷಣಮಾತ್ರದಲ್ಲಿ ಬರುತ್ತದೆ. ಇದು ಹಿತವೋ ಅಹಿತವೋ ಎಂಬುದನ್ನು ಮಕ್ಕಳನ್ನು ಓದಿಸುತ್ತಿರುವ ಗೃಹಸ್ಥರೆಲ್ಲರೂ ವಿಚಾರಮಾಡತಕ್ಕದ್ದಾಗಿದೆ.

ದೂರದ ನಗರಗಳ ಮಾತಿರಲಿ, ಚಿಕ್ಕಬಳ್ಳಾಪುರ ಸೀಮೆಯ ಮಂಡಿಕಲ್ಲಿನಂಥ ಊರಿನ ಸ್ಥಿತಿಯನ್ನು ನೋಡೋಣ. ಈ ಪ್ರಾಂತದ ಅನೇಕ ಮನೆಗಳಲ್ಲಿ ಆಡುವ ಮಾತು ತೆಲುಗು. ಶಾಲೆಯಲ್ಲಿ ಓದುವುದು ಕನ್ನಡ. ಕಾಲೇಜಿಗೆ ಹೋದೊಡನೆ ಅನೇಕರಿಗೆ ಎದುರಾಗುವುದು ಇಂಗ್ಲಿಷ್ ಪುಸ್ತಕ. ಮೂರು ಭಾಷೆಗಳ ಹೊಳೆಯನ್ನು ದಾಟುವ ಈ ಮಕ್ಕಳಲ್ಲಿ ಎಷ್ಟೋ ಮಂದಿ ತಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲನ್ನು ಹತ್ತಿದವರಲ್ಲಿ ಮೊದಲಿಗರು. ದ್ರಾಕ್ಷಿಯ ತೋಟದಿಂದಲೋ ಹಿಪ್ಪುನೇರಳೆಯ ಹೊಲದಿಂದಲೋ ಮನೆಗೆ ಬಂದ ತಂದೆತಾಯಿಗಳು ಮಗಳು ಬರೆದುದನ್ನು ಹೆಮ್ಮೆಯಿಂದ ನೋಡಬಲ್ಲರೇ ಹೊರತು ಓದಿ ತಿದ್ದಲಾರರು. ಅತ್ತ ಉಪನ್ಯಾಸಕರ ಮೇಜಿನ ಮೇಲೆ ಉತ್ತರಪತ್ರಿಕೆಗಳ ಕಟ್ಟುಗಳು. ಒಂದೊಂದಕ್ಕೂ ದೊರೆಯುವ ಕಾಲ ಕೆಲವೇ ನಿಮಿಷ. ಕಡೆಗೆ ವಿದ್ಯಾರ್ಥಿಗೆ ತಿಳಿಯುವುದು ಒಂದು ಅಂಕ ಮಾತ್ರ. ಇಂಥ ಮಗಳಿಗೆ ನಡುರಾತ್ರಿಯಲ್ಲಿಯೂ ಬೇಸರವಿಲ್ಲದೆ ಉತ್ತರ ಕೊಡುವ ಯಂತ್ರವು ಕಲ್ಪವೃಕ್ಷದಂತೆ ಕಂಡರೆ ಆಶ್ಚರ್ಯವೇನು?

ಅಂಕಕ್ಕೂ ತಿದ್ದುವಿಕೆಗೂ ಇರುವ ಅಂತರವನ್ನು ಮೊದಲು ತಿಳಿಯಬೇಕು. 1988ರಲ್ಲಿ ರೂತ್ ಬಟ್ಲರ್ ಎಂಬ ವಿದುಷಿಯು ಇಸ್ರೇಲಿನ ಶಾಲಾ ಮಕ್ಕಳಲ್ಲಿ ಒಂದು ಪ್ರಯೋಗವನ್ನು ನಡೆಸಿದರು. ಕೆಲವರಿಗೆ ಅಂಕ ಮಾತ್ರ, ಕೆಲವರಿಗೆ ಸಲಹೆಯ ಮಾತು ಮಾತ್ರ, ಉಳಿದವರಿಗೆ ಎರಡೂ ದೊರೆತವು. ಸಲಹೆಯನ್ನು ಮಾತ್ರ ಪಡೆದವರು ಮುಂದುವರಿದರು. ಅಂಕದೊಡನೆ ಸಲಹೆಯನ್ನು ಪಡೆದವರು ಅಷ್ಟು ಮುಂದುವರಿಯಲಿಲ್ಲ. ಅಂಕವು ಕಣ್ಣಿಗೆ ಬಿದ್ದೊಡನೆ ಮನಸ್ಸು ಅಲ್ಲಿಯೇ ನಿಂತುಬಿಡುವುದು. 2007ರಲ್ಲಿ ಜಾನ್ ಹ್ಯಾಟಿ, ಹೆಲೆನ್ ಟಿಂಪರ್ಲಿ ಎಂಬಿಬ್ಬರು ಈ ವಿಷಯವನ್ನು ಮೂರು ಪ್ರಶ್ನೆಗಳಲ್ಲಿ ಅಡಕಮಾಡಿದರು: ನಾನು ಸೇರಬೇಕಾದುದೆಲ್ಲಿಗೆ? ಈಗ ಎಲ್ಲಿದ್ದೇನೆ? ಮುಂದಿನ ಹೆಜ್ಜೆ ಯಾವುದು? ಈ ಮೂರಕ್ಕೂ ಉತ್ತರ ಕೊಡುವುದೇ ನಿಜವಾದ ತಿದ್ದುವಿಕೆ.

ಯಂತ್ರವು ಇದನ್ನು ಮಾಡಬಲ್ಲುದೆ? ಪ್ರಬಂಧಗಳನ್ನು ಯಂತ್ರದಿಂದ ಪರೀಕ್ಷಿಸುವ ಯೋಚನೆಯು ಹೊಸತಲ್ಲ. ಅಮೆರಿಕದ ಎಲಿಸ್ ಪೇಜ್ 1966ರಲ್ಲಿಯೇ ಅದನ್ನು ಆರಂಭಿಸಿದ್ದರು. ಆ ಕಾಲದ ಯಂತ್ರವು ಪ್ರಬಂಧದ ಉದ್ದ, ಪದಗಳ ಅಳತೆ ಮುಂತಾದ ಹೊರಗುರುತುಗಳನ್ನೆಣಿಸಿ ಅಂಕವನ್ನು ಊಹಿಸುತ್ತಿತ್ತೇ ವಿನಾ ಅರ್ಥವನ್ನರಿಯುತ್ತಿರಲಿಲ್ಲ. ಇಂದಿನ ಯಂತ್ರವು ಬಹಳ ಮುಂದುವರಿದಿದೆ. 2024ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ಪ್ರೌಢಶಾಲಾ ವಿದ್ಯಾರ್ಥಿಗಳ ಬರವಣಿಗೆಗೆ ಮನುಷ್ಯರು ಕೊಟ್ಟ 200 ಸಲಹೆಗಳನ್ನೂ ಯಂತ್ರವು ಕೊಟ್ಟ 200 ಸಲಹೆಗಳನ್ನೂ ಹೋಲಿಸಿ ನೋಡಲಾಯಿತು. ನಿಗದಿಯಾದ ನಿಯಮಗಳಿಗೆ ಬರಹವು ಹೊಂದುವುದೇ ಎಂದು ನೋಡುವುದರಲ್ಲಿ ಯಂತ್ರವು ಹಿಂದೆ ಬೀಳಲಿಲ್ಲ. ಆದರೆ ಸ್ಪಷ್ಟವಾಗಿ ದಾರಿ ತೋರಿಸುವುದು, ತಪ್ಪಿಲ್ಲದೆ ಹೇಳುವುದು, ಮುಖ್ಯವಾದುದನ್ನು ಮೊದಲಿಡುವುದು, ಧೈರ್ಯ ತುಂಬುವುದು ಇವುಗಳಲ್ಲಿ ತರಬೇತಿ ಪಡೆದ ಮನುಷ್ಯರೇ ಮೇಲಾದರು. ಅಂತರವು ಮಾತ್ರ ಬಹು ದೊಡ್ಡದಾಗಿರಲಿಲ್ಲ.

ವಿದ್ಯಾರ್ಥಿಗಳ ಮನಸ್ಸನ್ನೂ ಕೆಲವರು ವಿಚಾರಿಸಿದ್ದಾರೆ. ಆಸ್ಟ್ರೇಲಿಯದ ನಾಲ್ಕು ವಿಶ್ವವಿದ್ಯಾನಿಲಯಗಳ ಸುಮಾರು 7,000 ವಿದ್ಯಾರ್ಥಿಗಳನ್ನು ಕೇಳಿದಾಗ, ಸುಮಾರು ಅರ್ಧದಷ್ಟು ಮಂದಿ ಯಂತ್ರದ ಸಲಹೆಯನ್ನು ಪಡೆಯುತ್ತಿದ್ದುದು ತಿಳಿದುಬಂತು. ಉಪಯೋಗದ ಮಾತಿಗೆ ಬಂದರೆ ಅಧ್ಯಾಪಕರೂ ಯಂತ್ರವೂ ಹೆಚ್ಚುಕಡಮೆ ಸಮವೆಂದೇ ಅವರು ಹೇಳಿದರು. ನಂಬಿಕೆಯ ಮಾತಿಗೆ ಬಂದಾಗ, ಅಧ್ಯಾಪಕರನ್ನು ನಂಬುವವರು ನೂರಕ್ಕೆ ಸುಮಾರು 90. ಯಂತ್ರವನ್ನು ನಂಬುವವರು ಸುಮಾರು 60. ನಂಬಿಕೆಯಿಲ್ಲದಿದ್ದರೂ ಯಂತ್ರದ ಬಳಿಗೆ ಹೋಗುವುದೇಕೆ? ಅದು ಕಾಯಿಸುವುದಿಲ್ಲ, ಗದರಿಸುವುದಿಲ್ಲ, ‘ಇಷ್ಟೂ ತಿಳಿಯದೆ?’ ಎಂದು ನಗುವುದಿಲ್ಲ. ಇದು ಅಧ್ಯಾಪಕವರ್ಗವು ಮನಸ್ಸಿಗೆ ತಂದುಕೊಳ್ಳತಕ್ಕ ಸಂಗತಿ.

ಆದರೆ ಯಂತ್ರದ ದೋಷಗಳು ಸಾಮಾನ್ಯವಾದುವಲ್ಲ. ಇಲ್ಲದ ಪುಸ್ತಕವನ್ನು ಇದೆಯೆಂದು ಧೈರ್ಯವಾಗಿ ಹೇಳುವುದು ಅದರ ಚಾಳಿ. ಕೇಳಿದವರನ್ನು ಮೆಚ್ಚಿಸುವ ಸ್ವಭಾವವೂ ಅದಕ್ಕುಂಟು. ‘ನಾನು ಬರೆದುದೇ ಸರಿಯಲ್ಲವೆ?’ ಎಂದು ಒತ್ತಿ ಕೇಳಿದರೆ ಎಷ್ಟೋ ವೇಳೆ ಹೌದೆಂದುಬಿಡುತ್ತದೆ. ಅದು ಓದಿ ಬೆಳೆದ ಬರಹದಲ್ಲಿ ಬಹುಪಾಲು ಇಂಗ್ಲಿಷಾದುದರಿಂದ, ಕನ್ನಡ ಬರವಣಿಗೆಯನ್ನು ತಿದ್ದುವಾಗ ಅದರ ಕೈ ಅಷ್ಟು ಪಳಗಿರುವುದಿಲ್ಲ. ಕೋಲಾರ ಚಿಕ್ಕಬಳ್ಳಾಪುರಗಳ ಸೊಗಸಾದ ದೇಶ್ಯ ಮಾತನ್ನು ಅದು ತಪ್ಪೆಂದು ತೆಗೆದು ಜೀವವಿಲ್ಲದ ಪದವನ್ನಿಟ್ಟರೆ, ಹುಡುಗಿಯು ತನ್ನ ಮನೆಯ ನುಡಿಯೇ ಕೀಳೆಂದು ಭ್ರಮಿಸುವಳು. ಇದು ವ್ಯಾಕರಣದ ನಷ್ಟಕ್ಕಿಂತ ದೊಡ್ಡ ನಷ್ಟ.

ಮನುಷ್ಯರ ತಿದ್ದುವಿಕೆಯು ನಿರ್ದೋಷವೆಂದು ನಾವು ಹೇಳುವುದಿಲ್ಲ. ಆಯಾಸ, ಆತುರ, ಪಕ್ಷಪಾತಗಳು ಮನುಷ್ಯನನ್ನು ಬಿಟ್ಟಿದ್ದಲ್ಲ. ಪರೀಕ್ಷೆ ಬರೆದವರು ಮೌಲ್ಯಮಾಪನವಾದ ತಮ್ಮ ಉತ್ತರಪತ್ರಿಕೆಯನ್ನು ಮಾಹಿತಿ ಹಕ್ಕಿನ ಕಾಯಿದೆಯ ಮೇರೆಗೆ ನೋಡಬಹುದೆಂದು ಸುಪ್ರೀಂ ಕೋರ್ಟು 2011ರಲ್ಲಿ ತೀರ್ಪಿತ್ತುದೂ ಇಂಥ ಸಂಶಯಗಳ ಕಾಲದಲ್ಲಿಯೇ. ಆದರೆ ಪತ್ರಿಕೆಯನ್ನು ಕಾಣುವ ಹಕ್ಕು ಬೇರೆ, ಅದರಿಂದ ಕಲಿಯುವುದು ಬೇರೆ. ‘ಕಳೆದ ತಿಂಗಳಿಗಿಂತ ಈಗ ಚೆನ್ನಾಗಿ ಬರೆದಿದ್ದೀಯಮ್ಮ, ಈ ಒಂದು ವಾದವನ್ನು ಮಾತ್ರ ಇನ್ನೊಮ್ಮೆ ಯೋಚಿಸು’ ಎಂದು ಹೇಳಬೇಕಾದರೆ, ಹೇಳುವವರು ಕಳೆದ ತಿಂಗಳಿನಿಂದಲೂ ಆ ಹುಡುಗಿಯನ್ನು ಬಲ್ಲವರಾಗಿರಬೇಕು. ಅವಳು ಏಳಿಗೆ ಹೊಂದಲೆಂಬ ಆಸೆಯೂ ಇರಬೇಕು.

ಈ ಜಿಲ್ಲೆಗೆ ದೊಡ್ಡದೊಂದು ಮೇಲ್ಪಂಕ್ತಿಯಿದೆ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಜನಿಸಿದ ಎಚ್. ನರಸಿಂಹಯ್ಯನವರು, ಓದುವ ಹಂಬಲದಿಂದ 1935ರಲ್ಲಿ ಬೆಂಗಳೂರಿಗೆ ನಡೆದೇ ಹೋದರು. ಭೌತಶಾಸ್ತ್ರದ ಅಧ್ಯಾಪಕರಾಗಿ, 1970ರ ದಶಕದಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿ, ಗೌರಿಬಿದನೂರು ಬಾಗೇಪಲ್ಲಿಗಳಲ್ಲಿ ಹಳ್ಳಿಯ ಮಕ್ಕಳಿಗಾಗಿ ನ್ಯಾಷನಲ್ ಕಾಲೇಜುಗಳನ್ನು ತೆರೆದರು. ಯಾರೇ ಹೇಳಿದರೂ ಪ್ರಶ್ನಿಸದೆ ಒಪ್ಪಬಾರದೆಂಬುದೇ ಅವರು ಜೀವಮಾನವೆಲ್ಲ ಬೋಧಿಸಿದ ಪಾಠ. ಆ ಪಾಠವು ಯಂತ್ರಕ್ಕೂ ಸಲ್ಲುತ್ತದೆ, ಗುರುವಿಗೂ ಸಲ್ಲುತ್ತದೆ.

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯನ್ನು ಕಂಡವರಿಗೆ ಈ ವಿಷಯವು ಸುಲಭವಾಗಿ ತಿಳಿಯುವುದು. ಅಲ್ಲಿ ಹರಾಜಿಗೂ ವಿದ್ಯುನ್ಮಾನ ಯಂತ್ರವು ಬಂದಿದೆ. ಲೆಕ್ಕದ ಗೊಂದಲವು ಕಡಮೆಯಾಗಿದೆ. ಆದರೂ ರೀಲರು ಬೆಲೆ ಕೂಗುವ ಮುನ್ನ ಹಿಡಿ ಗೂಡನ್ನು ಕೈಗೆತ್ತಿಕೊಂಡು, ಒತ್ತಿ ನೋಡದೆ ಬಿಡುವುದಿಲ್ಲ. ಯಂತ್ರವು ಮಾಡತಕ್ಕದ್ದನ್ನು ಯಂತ್ರವು ಮಾಡಲಿ; ಒಳಗಿನ ಗುಣವನ್ನರಿಯುವ ಕೈ ಮಾತ್ರ ದೂರ ಸರಿಯಬಾರದು.

ಹಾಗಾದರೆ ಮನೆಯವರು ಮಾಡಬೇಕಾದುದೇನು? ಮೊದಲ ಕರಡನ್ನು ಮಕ್ಕಳು ಸ್ವಂತವಾಗಿಯೇ ಬರೆಯಲಿ. ಆಮೇಲೆ ಕಾಗುಣಿತ, ವಾಕ್ಯರಚನೆ, ಬಿಟ್ಟುಹೋದ ಅಂಶ ಇವುಗಳಿಗೆ ಯಂತ್ರವನ್ನು ಕೇಳುವುದರಲ್ಲಿ ದೋಷವಿಲ್ಲ. ಆದರೆ ಅಧ್ಯಾಪಕರ ಅಪ್ಪಣೆಯಿರಲಿ. ‘ತಿದ್ದಿ ಬರೆದುಕೊಡು’ ಎನ್ನುವ ಬದಲು ‘ತಪ್ಪೆಲ್ಲಿದೆ ತೋರಿಸು’ ಎಂದು ಕೇಳಲಿ. ಬೇರೆಯವರು ಬರೆದುದರಿಂದ ತನ್ನ ಕೈ ಪಳಗದು. ಯಂತ್ರವು ಹೆಸರಿಸಿದ ಪುಸ್ತಕವನ್ನು ಗ್ರಂಥಾಲಯದಲ್ಲಿ ಹುಡುಕಿ ನೋಡಲಿ. ಸಂಶಯವಿರುವ ಸಲಹೆಯನ್ನು ಗುರುತುಹಾಕಿಕೊಂಡು ಅಧ್ಯಾಪಕರ ಬಳಿಗೆ ಹೋಗಲಿ. ಸಿದ್ಧವಾದ ಪ್ರಶ್ನೆಯೊಡನೆ ಬಂದವರಿಗೆ ಐದು ನಿಮಿಷವನ್ನು ಕೊಡದ ಗುರುಗಳು ವಿರಳ.

ಅಕ್ಷರವನ್ನರಿಯದ ತಾಯಿಯೂ ಇದರಲ್ಲಿ ಪಾಲುಗೊಳ್ಳಬಲ್ಲಳು. ‘ಎಷ್ಟು ಅಂಕ ಬಂತು?’ ಎಂದು ಕೇಳುವ ಮೊದಲು, ‘ನೀನು ಬರೆದುದನ್ನು ನನಗೆ ತಿಳಿಯುವಂತೆ ಹೇಳು ಮಗಳೆ’ ಎಂದು ಸಂಜೆಯ ಹೊತ್ತು ಕೇಳಲಿ. ಹೇಳಲು ಹೊರಟ ಮಗಳು ಎಲ್ಲಿ ತಡವರಿಸುವಳೋ ಅಲ್ಲಿಯೇ ತಿದ್ದಬೇಕಾದ ಸ್ಥಳವಿರುವುದೆಂದು ತಿಳಿಯತಕ್ಕದ್ದು.