ಕಣದ ಭತ್ತಕ್ಕೆ ತಾಡಪಾಲಿನ ಗುಡಾರ

ಮಲೆಬೆನ್ನೂರಿನ ಸುತ್ತಮುತ್ತ ಭದ್ರಾ ನಾಲೆಯ ನೀರಲ್ಲಿ ವರ್ಷಕ್ಕೆ ಎರಡು ಭತ್ತ. ಮಳೆಗಾಲದ್ದು ನವೆಂಬರ್-ಡಿಸೆಂಬರಿನಲ್ಲಿ ಕೊಯ್ಲಿಗೆ ಬಂದರೆ ಬೇಸಿಗೆಯದ್ದು ಮೇ ತಿಂಗಳಲ್ಲಿ. ಎರಡು ಸಲವೂ ಮಳೆಯ ಹೆದರಿಕೆ ಇದ್ದದ್ದೇ. ಹಿಂದೆ ಕೊಯ್ದು, ಬಣವೆ ಒಟ್ಟಿ, ಬಿಡುವಾದಾಗ ಒಕ್ಕುತ್ತಿದ್ದೆವು. ಈಗ ಮಿಷನ್ನು ಒಂದೇ ದಿನದಲ್ಲಿ ಕೊಯ್ದು ಹಸಿ ಕಾಳು ಸುರಿದು ಹೋಗುತ್ತದೆ. ಅದರಲ್ಲಿ ನೂರಕ್ಕೆ 20ರ ಮೇಲೆ ತೇವ. ಚೀಲ ಕಟ್ಟಿ ಇಡಬೇಕಾದರೆ 14ಕ್ಕೆ ಇಳಿಯಬೇಕು. ಅಲ್ಲಿಯತನಕ ರಾಶಿಗೂ ಮಾಡು ಬೇಕು, ಕಾಯುವವನಿಗೂ ಬೇಕು.

ಮೋಡ ಕಂಡ ಕೂಡಲೇ ರಾಶಿ ಮೇಲೆ ತಾಡಪಾಲು ಎಳೆದು ಸುತ್ತ ಕಲ್ಲು ಹೇರುವುದು ರೂಢಿ. ಒಂದು ರಾತ್ರಿಗೆ ಅದು ನಡೆಯುತ್ತೆ. ಮೋಡ ಎರಡು ಮೂರು ದಿನ ಹಿಡಿದರೆ ಹಸಿ ಕಾಳು ಒಳಗೇ ಬಿಸಿಯಾಗಿ ಬೆವರುತ್ತದೆ. ಹಾಳೆಯ ಒಳಮೈಗೆ ಕೂತ ನೀರು ಮತ್ತೆ ರಾಶಿಗೇ ಇಳಿಯುತ್ತದೆ. ಕಾಳು ಮುಗ್ಗು ಹಿಡಿದು ಹಳದಿಯಾಗುತ್ತದೆ, ಮೊಳಕೆಯೂ ಒಡೆಯಬಹುದು. ಅಂಥ ಭತ್ತ ಮಿಲ್ಲಿಗೆ ಹೋದರೆ ದರ ಮುರಿಯುತ್ತಾರೆ. ನಾಲ್ಕು ತಿಂಗಳ ಬೆಳೆ ನಾಲ್ಕು ದಿನದಲ್ಲಿ ಹೋಯಿತು ಅಂತಲೇ ಲೆಕ್ಕ. ಅದಕ್ಕೇ ನಾನು ಹಾಳೆಯನ್ನು ರಾಶಿಗೆ ಹೊದಿಸುವುದಿಲ್ಲ, ರಾಶಿಯ ಮೇಲೆ ಗುಡಾರ ಎತ್ತುತ್ತೇನೆ.

ಕಟ್ಟುವ ಬಗೆ

ರೈತ ಸಂಪರ್ಕ ಕೇಂದ್ರದಲ್ಲಿ ಸಹಾಯಧನದಲ್ಲಿ ಕೊಡುವ 8 ಮೀಟರ್ ಉದ್ದ, 6 ಮೀಟರ್ ಅಗಲದ ಹಾಳೆ ಒಂದು ಸಾಕು. ಏಳೂವರೆ ಅಡಿಯ ಮೂರು ಕವೆಗೋಲುಗಳನ್ನು ಒಂದೇ ಸಾಲಿನಲ್ಲಿ, 13 ಅಡಿಗೊಂದರಂತೆ, ಒಂದೂವರೆ ಅಡಿ ಆಳಕ್ಕೆ ನೆಡಿ. ಮೇಲೆ ಬಿದಿರಿನ ಗಳ ಇಟ್ಟು ಕಟ್ಟಿ. ಬಿದಿರಿನ ಗಿಣ್ಣು, ಸಿಬಿರುಗಳನ್ನು ಮೊದಲೇ ಕೆತ್ತಿ, ಹಳೆ ಗೋಣಿಚೀಲ ಸುತ್ತಿರಿ. ಹಾಳೆ ಹರಿಯುವುದೇ ಅಲ್ಲಿ.

ಗಳದ ನೇರದಿಂದ ಎರಡೂ ಪಕ್ಕಕ್ಕೆ 9 ಅಡಿ ದೂರದಲ್ಲಿ ಗೂಟ ಹೊಡೆಯಿರಿ. ಗೂಟದ ತಲೆ ಹೊರಗಡೆಗೆ ವಾಲಿರಲಿ. ನಮ್ಮ ಎರೆಭೂಮಿ ನೆನೆದರೆ ಗಿಡ್ಡ ಗೂಟ ಕಿತ್ತು ಬರುತ್ತದೆ. ಎರಡಡಿಯ ಗೂಟವೇ ಆಗಬೇಕು. ಹಾಳೆಯ ಅಂಚು ನೆಲದಿಂದ ಒಂದು ಗೇಣು ಮೇಲೆ ನಿಲ್ಲಲಿ, ಎರಡು ತುದಿ ತೆರೆದಿರಲಿ. ಬೆವರು ಆರುವುದು ಈ ಗಾಳಿಯಿಂದಲೇ. ಎರಚಲು ಹೊಡೆದಾಗ ಮಾತ್ರ ಆ ಕಡೆಯ ತುದಿಗೆ ಗೋಣಿತಾಟು ಇಳಿಬಿಡಿ.

ಹಾಳೆ ಸಡಿಲವಿದ್ದರೆ ನೀರು ಹೊಂಡ ನಿಂತು ಭಾರಕ್ಕೆ ಕುಸಿಯುತ್ತದೆ, ಗಾಳಿಗೆ ಪಟಪಟ ಬಡಿದು ಹರಿಯುತ್ತದೆ. ಬೆಳಿಗ್ಗೆ, ಸಂಜೆ ಹಗ್ಗ ಬಿಗಿಮಾಡಿ. ಅಂಚಿನ ಬಳೆ ಕಿತ್ತು ಬಂದಿದ್ದರೆ ಅಲ್ಲಿಗೆ ನುಣುಪಾದ ಬೆಣಚುಕಲ್ಲು ಇಟ್ಟು, ಹಾಳೆ ಮಡಚಿ, ಕಲ್ಲಿನ ಕುತ್ತಿಗೆಗೆ ಹಗ್ಗ ಬಿಗಿಯಿರಿ. ಬಳೆಗಿಂತ ಗಟ್ಟಿ.

ಅಂಚಿನ ನೀರು ಬೀಳುವಲ್ಲಿ ನಾಲ್ಕು ಬೆರಳು ಆಳದ ಕಾಲುವೆ ತೆಗೆದು ಇಳಿಜಾರಿಗೆ ಬಿಡಿ. ಒಳಗೆ ಹುಲ್ಲು ಹಾಸಿ, ಮೇಲೆ ಹಳೆ ಹಾಳೆ ಹಾಸಿ ಭತ್ತ ಹರಡಿ. ಎಕರೆಯ 25 ಕ್ವಿಂಟಲ್ ಭತ್ತ ಒಂದಡಿ ದಪ್ಪಕ್ಕೆ 12 ಅಡಿ ಅಗಲ, 13 ಅಡಿ ಉದ್ದದಲ್ಲಿ ಹಿಡಿಯುತ್ತದೆ. ಉಳಿದರ್ಧ ಚೀಲಕ್ಕೆ, ಮಂಚಕ್ಕೆ. ಮಳೆ ಹಿಡಿದಷ್ಟು ದಿನವೂ ಕಾಳನ್ನು ಆಗಾಗ ಕಾಲಾಡಿಸಿ ತಿರುವುತ್ತಿರಬೇಕು. ಗುಡಾರ ಮಳೆ ತಡೆಯುತ್ತೆ ಅಷ್ಟೇ, ಒಣಗಿಸೋದು ಬಿಸಿಲೇ.

ಮಲಗುವವರ ಜೋಪಾನ

ಭತ್ತಕ್ಕೆ ಇಲಿ ಬರುತ್ತೆ, ಇಲಿಗೆ ಹಾವು. ನೆಲದ ಮೇಲೆ ಮಲಗಬೇಡಿ, ಮಂಚ ಇರಲಿ. ಸೀಮೆಎಣ್ಣೆ ದೀಪ, ಬೀಡಿ, ಅಡುಗೆ ಒಲೆ ಒಳಗೆ ಬೇಡ. ಹುಲ್ಲು, ಪ್ಲಾಸ್ಟಿಕ್ ಎರಡೂ ಕ್ಷಣದಲ್ಲಿ ಹತ್ತಿಕೊಳ್ಳುತ್ತವೆ. ಬ್ಯಾಟರಿ ಸಾಕು. ಗುಡುಗು ಕೇಳಿದರೆ ರಾಶಿ ಬಿಟ್ಟು ಗಟ್ಟಿ ಕಟ್ಟಡಕ್ಕೆ ಹೋಗಿ. ಬಯಲಿನ ಗುಡಾರ ಸಿಡಿಲನ್ನು ತಡೆಯೋದಿಲ್ಲ, ಒಂಟಿ ಮರವೂ ಅಷ್ಟೇ. ಹರಿಹರ-ಶಿವಮೊಗ್ಗ ರಸ್ತೆಯ ಅಂಚಿಗಂತೂ ರಾಶಿಯೂ ಬೇಡ, ಗುಡಾರವೂ ಬೇಡ. ರಾತ್ರಿ ಬೈಕಿನವರಿಗೆ ಕಲ್ಲು ಕಾಣೋದಿಲ್ಲ.

ಹಾಳೆಯ ಬಾಳಿಕೆ

ಕೆಲಸ ಮುಗಿದ ಮೇಲೆ ಕೆಸರು ತೊಳೆದು, ಎರಡೂ ಮೈ ಒಣಗಿಸಿಯೇ ಸುತ್ತಿಡಿ. ಕೂಳೆಯ ಮೇಲೆ ಎಳೆದಾಡಬೇಡಿ. ಒಂದೇ ಗೆರೆಗೆ ಮಡಚಿದರೆ ಅಲ್ಲೇ ಸೀಳುತ್ತದೆ, ಅದಕ್ಕೆ ಬಿದಿರಿಗೆ ಸುತ್ತಿ ತೊಲೆಗೆ ತೂಗುಹಾಕುವುದು ಲೇಸು, ಇಲಿಗೂ ಸಿಗದು. ತೂತಾದಲ್ಲಿ ಮೇಲೂ ಕೆಳಗೂ ತುಂಡು ಹಾಳೆ ಇಟ್ಟು ದಬ್ಬಳದಲ್ಲಿ ನೈಲಾನ್ ದಾರದಿಂದ ಹೊಲಿಯಿರಿ. ಹೊಲಿದ ಹಾಳೆಯನ್ನು ಮಾಡಿಗೆ ಬಳಸದೆ ಕೆಳಗೆ ಹಾಸಲು ಇಟ್ಟುಕೊಳ್ಳಿ. ಬಣವೆಯ ಮೇಲೆ ಬೇಸಿಗೆಯಿಡೀ ಹೊದಿಸಿಟ್ಟರೆ ಬಿಸಿಲಿಗೆ ಎಂಥ ಹಾಳೆಯೂ ಪುಡಿಯಾಗುತ್ತದೆ.

ಮಿಷನ್ನಿಗೆ ಹೇಳುವ ಮುಂಚಿನ ವಾರವೇ ಹಾಳೆ ಬಿಚ್ಚಿ, ಬೆಳಕಿಗೆ ಹಿಡಿದು ತೂತು ನೋಡಿಕೊಳ್ಳಿ. ಗಳ, ಗೂಟ, ಹಗ್ಗ ಕಣದಲ್ಲೇ ಇರಲಿ. ಮೋಡ ಎದ್ದ ಮೇಲೆ ಹುಡುಕಲು ಹೊತ್ತಿರುವುದಿಲ್ಲ.