ಬೀಜದಿಂದ ಗೌರಿ ಹೂ: ಬೆಳೆಸುವ ಮುಂಚೆ ಗುರುತು ಹಿಡಿಯಿರಿ

ಗೌರಿ ಹಬ್ಬದ ಹೊತ್ತಿಗೆ ಬೇಲಿ ಮೇಲೆ ಕೆಂಪು-ಹಳದಿಯಾಗಿ ಉರಿಯುವ ಹೂವನ್ನು ನಾವೆಲ್ಲ ನೋಡಿದವರೇ. ಕೋಳಿಕುಟುಮ, ಅಗ್ನಿಶಿಖೆ ಅಂತಲೂ ಕರೀತಾರೆ. ಗಡ್ಡೆ ನೇಗಿಲಿನಂತೆ ಬಾಗಿರುವುದರಿಂದ ಸಂಸ್ಕೃತದಲ್ಲಿ ಲಾಂಗಲಿ. ತಮಿಳುನಾಡಿನ ಧಾರಾಪುರಂ, ಮೂಲನೂರು ಕಡೆ ಬೀಜಕ್ಕಾಗಿಯೇ ಇದನ್ನು ಬೆಳೆಯುತ್ತಾರೆ. ಬೀಜದಿಂದ ತೆಗೆಯುವ ಕಾಲ್ಚಿಸಿನ್ ಗೌಟ್ ಎಂಬ ಕೀಲುನೋವಿನ ಔಷಧಿಗೆ ಹೋಗುತ್ತದೆ.

ಅದೇ ಕಾಲ್ಚಿಸಿನ್ ವಿಷವೂ ಹೌದು. ಬೇರು, ಎಲೆ, ಬೀಜ ಎಲ್ಲದರಲ್ಲೂ ಇದೆ, ಗಡ್ಡೆಯಂತೂ ಬಹಳ ಅಪಾಯ. ತಿನ್ನುವ ಗೆಣಸು ಅಂತ ತಿಳಿದು ತಿಂದು ಸತ್ತವರಿದ್ದಾರೆ. ಬೇಸಿಗೆಯಲ್ಲಿ ಬಳ್ಳಿ ಒಣಗಿ ನೆಲದೊಳಗೆ ಬರೀ ಗಡ್ಡೆ ಉಳಿಯುತ್ತದಲ್ಲ, ಆಗಲೇ ಮೋಸ ಹೋಗುವುದು. ಆದ್ದರಿಂದ ಎಲೆ ಹಸಿರಿರುವಾಗಲೇ ಪಕ್ಕದಲ್ಲಿ ಗೂಟ ಹೊಡೆದಿಡಿ. ಕಾಡುಗೆಣಸಿನ ಎಲೆ ಅಗಲ, ಎಷ್ಟೋ ಸಲ ಹೃದಯದಾಕಾರ. ಗೌರಿ ಹೂವಿನ ಎಲೆ ಉದ್ದ, ನರಗಳು ಬಿದಿರೆಲೆಯಂತೆ ಸಾಲಾಗಿ ಓಡುತ್ತವೆ, ತುದಿ ಸುರುಳಿಯಾಗಿ ಪಕ್ಕದ ಕಡ್ಡಿ ಹಿಡಿಯುತ್ತದೆ. ಆ ಸುರುಳಿ ಕಂಡರೆ ಅನುಮಾನವೇ ಬೇಡ. ಯಾರಾದರೂ ತಿಂದಿದ್ದರೆ ವಾಂತಿ-ಭೇದಿ ಶುರುವಾಗಲಿ ಅಂತ ಕಾಯದೆ, ಗಡ್ಡೆಯ ಚೂರನ್ನೂ ಹಿಡಿದುಕೊಂಡು ಆಸ್ಪತ್ರೆಗೆ ಓಡಬೇಕು. ಮನೆಯಲ್ಲಿ ತೇಯ್ದು ಕುಡಿಸುವ ಮದ್ದಂತೂ ಯಾವ ಕಾರಣಕ್ಕೂ ಬೇಡ.

ಈಗ ಬೀಜದ ವಿಚಾರ. ಕಾಯಿ ಬಣ್ಣ ತಿರುಗಿ ಸಿಪ್ಪೆ ಸುಕ್ಕಾದಾಗ, ಒಡೆಯುವ ಮುಂಚೆ ಕೊಯ್ದು ನೆರಳಲ್ಲಿ ಒಣಗಿಸಿ. ಒಳಗಿನ ಕೆಂಪು ಬೀಜ ಕೂಡಲೇ ಮೊಳೆಯುವುದಿಲ್ಲ, ಅದಕ್ಕೆ ಕೆಲವು ತಿಂಗಳ ನಿದ್ದೆ ಬೇಕು. ಮುಂದಿನ ಮುಂಗಾರಿಗೆ ಮರಳು ಬೆರೆಸಿದ ಮಡಿಯಲ್ಲಿ ಒಂದು ಬೆರಳಗೆಣ್ಣಿನಷ್ಟು ಆಳಕ್ಕೆ ಹಾಕಿ. ಎಲ್ಲ ಒಟ್ಟಿಗೆ ಬರುವುದಿಲ್ಲ. ಒಂದು ತಿಂಗಳಲ್ಲಿ ಕೆಲವು, ಇನ್ನೂ ಎಷ್ಟೋ ದಿನ ಬಿಟ್ಟು ಕೆಲವು. ಅವಸರಪಟ್ಟು ಮಡಿ ಅಗೆದು ಹಾಕಬೇಡಿ.

ಮೊದಲ ವರ್ಷದ ಸಸಿ ಹುಲ್ಲಿನಂತೆಯೇ ಕಾಣುತ್ತದೆ. ಎಲೆ ತುದಿಗೆ ಸುರುಳಿಯೂ ಇರುವುದಿಲ್ಲ. ಕಳೆ ಕೀಳುವ ಹೆಂಗಸರಿಗೆ ತೋರಿಸಿಯೇ ಮಡಿಗೆ ಬಿಡಿ, ಇಲ್ಲದಿದ್ದರೆ ಒಂದೇ ದಿನದಲ್ಲಿ ಮಡಿ ಖಾಲಿ. ಮಳೆಗಾಲ ಮುಗಿದ ಮೇಲೆ ಎಲೆ ಒಣಗಿದರೆ ಸತ್ತಿತು ಅಂದುಕೊಂಡು ನೀರು ಹೊಯ್ಯಬೇಡಿ, ಪುಟ್ಟ ಗಡ್ಡೆ ಕೊಳೆಯುತ್ತದೆ. ಹೂ ಬರುವುದು ಮೂರ್ನಾಲ್ಕನೇ ವರ್ಷ. ಅದಕ್ಕೇ ತಮಿಳುನಾಡಿನವರು ಗಡ್ಡೆಯನ್ನೇ ನೆಡುತ್ತಾರೆ. ಆದರೆ ಕಾಡಿನ ಗಡ್ಡೆ ಅಗೆದು ತರುತ್ತಾ ಹೋದರೆ ಎಷ್ಟು ದಿನ ಸಿಕ್ಕೀತು? ತಾಳ್ಮೆಯಿದ್ದವರು ಬೀಜದಿಂದಲೇ ಮಾಡಬೇಕು ಅನ್ನುವುದು ನನ್ನ ಅಭಿಪ್ರಾಯ.

ಗಡ್ಡೆ ಕಿತ್ತು ನೆಡುವಾಗ ಕೈಚೀಲ ಹಾಕಿಕೊಳ್ಳಿ, ತುದಿ ಮುರಿಯದಂತೆ ನೋಡಿಕೊಳ್ಳಿ. ಮೊಳಕೆ ಇರುವುದು ತುದಿಯಲ್ಲಿ ಮಾತ್ರ. ಹೂವಿನ ಶಲಾಕೆ ಪಕ್ಕಕ್ಕೆ ಬಾಗಿ ಕೇಸರಗಳಿಂದ ದೂರ ನಿಲ್ಲುವುದರಿಂದ ಕಾಯಿ ಕಟ್ಟಲು ಬೆಳಿಗ್ಗೆ ಕೈಯಿಂದ ಪರಾಗ ಮುಟ್ಟಿಸುತ್ತಾರೆ. ಬೇಲಿಯ ನಾಲ್ಕು ಬಳ್ಳಿಗೆ ಮನೆಯವರೇ ಸಾಕು. ಎಕರೆಗಟ್ಟಲೆ ಹಾಕುವವರು ಆ ಕೂಲಿ ಎಷ್ಟಾದೀತು, ಬೀಜ ಕೊಳ್ಳುವವರು ಯಾರು ಅನ್ನುವುದನ್ನು ಮೊದಲೇ ವಿಚಾರಿಸಿಕೊಂಡು ಮಡಿ ಮಾಡಲಿ.